ಖಾನಾವಳಿಯ ನೀರು

ದುಂಡವ್ವ ಸುಮ್ಮನೆ ಕೂರುವ ಹೆಂಗಸೇ ಅಲ್ಲ. ರೋಣದ ಕಡೆಯಿಂದ ಗಂಡ ದ್ಯಾಮಣ್ಣನ ಜೊತೆ ಬಂದವಳು ಬಿಟಿಎಂ ಲೇಔಟಿನಲ್ಲಿ ವೆಂಕಟಸ್ವಾಮಿಯವರ ಮನೆಯ ಕೆಳಗಿನ ಭಾಗ ಬಾಡಿಗೆಗೆ ಹಿಡಿದು ಖಾನಾವಳಿ ಇಟ್ಟಿದ್ದಳು. ಗದಗ, ಬಾಗಲಕೋಟೆ, ಬಿಜಾಪುರದಿಂದ ಬಂದು ಆಫೀಸು, ಅಂಗಡಿಗಳಲ್ಲಿ ದುಡಿಯುವ ಹುಡುಗರಿಗೆಲ್ಲ ಅವಳ ರೊಟ್ಟಿಯೇ ತವರೂರು. ಬಿಸಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಹೆಚ್ಚಿದ ಸೌತೆಕಾಯಿ, ಮೇಲೆ ಒಂದು ಲೋಟ ಮಜ್ಜಿಗೆ. ಉಂಡು ಎದ್ದವರು ಮರುದಿನ ಬರದೆ ಇರುತ್ತಿರಲಿಲ್ಲ.

2003ರ ಮಳೆಗಾಲದಲ್ಲಿ ಕೊರಿಯರ್ ಆಫೀಸಿನ ಬಸವಂತನ ಕಣ್ಣು ಹಳದಿಯಾಯಿತು. ಅನ್ನ ಕಂಡರೆ ವಾಕರಿಕೆ. ಕಾಮಾಲೆ ಎಂದು ಆಸ್ಪತ್ರೆಗೆ ಸೇರಿಸಿದರು. ಆ ವಾರ ಮುಗಿಯುವುದರೊಳಗೆ ಇನ್ನಿಬ್ಬರು ಹುಡುಗರು ಮಲಗಿದರು, ಆಮೇಲೆ ಮತ್ತೊಬ್ಬ. ಎಲ್ಲರೂ ದುಂಡವ್ವನ ತಟ್ಟೆಯಲ್ಲಿ ಉಂಡವರೇ. ಅಲ್ಲಿ ಉಂಡರೆ ಕಾಮಣಿ ಹತ್ತುತ್ತದೆ ಎಂಬ ಮಾತು ಓಣಿಯಲ್ಲಿ ಹಬ್ಬಿತು. ಹುಡುಗರು ಒಬ್ಬೊಬ್ಬರಾಗಿ ಬೇರೆ ಕಡೆ ಹೋದರು.

ದುಂಡವ್ವನಿಗೆ ಕೈಕಾಲು ನಿಲ್ಲಲಿಲ್ಲ. ತಿಕ್ಕಿದ ಪಾತ್ರೆಯನ್ನೇ ಮತ್ತೆ ತಿಕ್ಕಿದಳು. ಡಬ್ಬಿಯಲ್ಲಿದ್ದ ಎಣ್ಣೆ ಚೆಲ್ಲಿದಳು. ಜೋಳದ ಅಂಗಡಿ ಬದಲಿಸಿದಳು. ಕುಡಿಯುವ ನೀರನ್ನಂತೂ ಅವಳು ಮೊದಲಿನಿಂದಲೂ ಕುದಿಸಿಯೇ ಇಡುತ್ತಿದ್ದಳು. ಮತ್ತೆ ತಪ್ಪಾದದ್ದು ಎಲ್ಲಿ? ಸ್ವಲ್ಪ ಹೊತ್ತು ಕೂತುಕೋ ಎಂದು ದ್ಯಾಮಣ್ಣ ಬೇಡಿಕೊಂಡ.

"ಕುಂತ್ರ ಎದಿ ಹೊಡ್ಕೋತೈತ್ರಿ," ಎಂದಳು.

ಬಸವಂತ ಇದ್ದ ಆಸ್ಪತ್ರೆಯ ಡಾಕ್ಟರು ಅಂಜನಾ ಒಂದು ಮಧ್ಯಾಹ್ನ ಹುಡುಕಿಕೊಂಡು ಬಂದರು. ಚಿಕ್ಕ ವಯಸ್ಸಿನವರು. ರೋಗ ಎಲ್ಲಿಂದ ಹರಡಿತು ಎಂದು ಪತ್ತೆ ಮಾಡುವುದು ಅವರ ಕೆಲಸ. ಖಾನಾವಳಿಗೆ ಬೀಗ ಹಾಕಿಸಲು ಬಂದರೆಂದೇ ದುಂಡವ್ವ ಬಾಗಿಲಿಗೆ ಅಡ್ಡ ನಿಂತಳು. ಡಾಕ್ಟರು ಬ್ಯಾಗಿನಿಂದ ತೆಗೆದದ್ದು ಪುಟ್ಟ ಬಾಟಲಿಗಳನ್ನು. ಒಂದೊಂದರ ತಳದಲ್ಲಿ ಔಷಧ ಹಚ್ಚಿದ ಒಂದು ಚೂರು ಕಾಗದ. ಇದು ಸುಲಭದ ಪರೀಕ್ಷೆ, ನೀರು ಹೊತ್ತುಕೊಂಡು ಲ್ಯಾಬಿಗೆ ಅಲೆಯಬೇಕಿಲ್ಲ ಎಂದರು. ಗೆರೆಯವರೆಗೆ ನೀರು ತುಂಬಿ, ಮುಚ್ಚಿ, ಬೆಚ್ಚಗಿರುವ ಕಡೆ ಇಡಬೇಕು. ನೀರಿಗೆ ಕಕ್ಕಸಿನ ಹೊಲಸು ಸೇರಿದ್ದರೆ ಮರುದಿನದ ಹೊತ್ತಿಗೆ ಕಪ್ಪಾಗುತ್ತದೆ.

ಕುದಿಸಿದ ನೀರಿಗೊಂದು, ಅಂಗಳದ ನೆಲದಡಿಯ ತೊಟ್ಟಿಯಾದ ಸಂಪಿನಿಂದ ಬರುವ ನಲ್ಲಿ ನೀರಿಗೊಂದು, ಎರಡನ್ನೂ ತುಂಬಿ ಒಲೆಯ ಪಕ್ಕದ ಹಲಗೆಯ ಮೇಲಿಟ್ಟರು. ದುಂಡವ್ವ ರೊಟ್ಟಿ ಬಡಿಯುತ್ತಲೇ ತಿರುಗಿ ತಿರುಗಿ ನೋಡಿದಳು. ಒಂದು ರೊಟ್ಟಿ ಸೀದೇ ಹೋಯಿತು.

ಮರುದಿನ ಕುದಿಸಿದ ನೀರು ಹಾಗೇ ಇತ್ತು. ಸಂಪಿನ ನೀರು ಕಾಡಿಗೆಯಂತೆ ಕಪ್ಪಾಗಿತ್ತು. ಸಂಪಿನ ನೀರನ್ನು ಯಾವುದಕ್ಕೆಲ್ಲ ಬಳಸುತ್ತೀರಿ ಎಂದು ಡಾಕ್ಟರು ಕೇಳಿದರು. ತಟ್ಟೆ ತೊಳೆಯುವುದಕ್ಕೆ, ಸೌತೆಕಾಯಿ ತೊಳೆಯುವುದಕ್ಕೆ, ಚಟ್ನಿಗೆ, ಮಜ್ಜಿಗೆಗೆ. ಹೇಳುತ್ತಾ ಹೇಳುತ್ತಾ ದುಂಡವ್ವನ ದನಿ ಇಳಿಯಿತು. ಅವಳು ಅಲ್ಲೇ ನೆಲದ ಮೇಲೆ ಕೂತಳು.

"ಹಂಗಾರ ಹುಡುಗ್ರಿಗೆ ರೋಗ ನನ್ನ ಕೈಯಿಂದನ ಹೋತೇನ್ರೀ?"

"ನಿಮ್ಮ ಕೈಯಿಂದ ಹೋಗಿದೆ, ನಿಜ," ಎಂದರು ಡಾಕ್ಟರು. "ಆದ್ರೆ ನಿಮಗೆ ಗೊತ್ತಿರ್ಲಿಲ್ಲ. ಈಗ ಗೊತ್ತಾಯ್ತಲ್ಲ, ಮುಂದಿನದು ನೋಡೋಣ."

ದುಂಡವ್ವ ಅಂದಿನಿಂದಲೇ ತಟ್ಟೆ ಅಲುಬುವುದಕ್ಕೂ ನೀರು ಕುದಿಸಿದಳು. ಸಂಪು ಸರಿಮಾಡಿಸಿ ಎಂದು ಮಹಡಿಯ ಮೇಲಿದ್ದ ವೆಂಕಟಸ್ವಾಮಿಯವರಲ್ಲಿಗೆ ಹೋದಾಗ ಅವರು ಒಪ್ಪಲಿಲ್ಲ. ತಮ್ಮ ಮನೆಯವರೂ ಅದೇ ನೀರು ಕುಡಿಯುತ್ತಾರೆ, ಯಾರಿಗೂ ಏನೂ ಆಗಿಲ್ಲ, ಅಡುಗೆಮನೆ ಗಲೀಜಾಗಿಟ್ಟುಕೊಂಡು ಸಂಪಿನ ಮೇಲೆ ಹಾಕಬೇಡಿ ಎಂದರು. ಬೇರೆ ಮನೆ ನೋಡಿಕೊಳ್ಳಿ ಎಂಬ ಮಾತನ್ನೂ ಸೇರಿಸಿದರು.

ಕೆಳಗಿಳಿದು ಬಂದವಳಿಗೆ ಕೂರಲಾಗಲಿಲ್ಲ. ಡಾಕ್ಟರು ಬಿಟ್ಟುಹೋಗಿದ್ದ ಇನ್ನೊಂದು ಬಾಟಲಿ ಹಿಡಿದು ಮತ್ತೆ ಮೆಟ್ಟಿಲು ಹತ್ತಿದಳು.

"ನಿಮ್ಮ ನಳದ ನೀರು ನೀವ ತುಂಬ್ರಿ. ನಾ ಮುಟ್ಟಂಗಿಲ್ಲ."

ವೆಂಕಟಸ್ವಾಮಿ ಮುಖ ತಿರುಗಿಸಿದರು. ಅವರ ಹೆಂಡತಿ ಮುನಿರತ್ನಮ್ಮ ಸೊಂಟದ ಮೇಲೆ ಮೊಮ್ಮಗಳನ್ನು ಎತ್ತಿಕೊಂಡು ಅಲ್ಲೇ ನಿಂತಿದ್ದರು. "ಕೊಡಮ್ಮ ಇಲ್ಲಿ, ನಾನ್ ಇಡ್ತೀನಿ," ಎಂದು ಕೈ ಚಾಚಿದರು.

ಮರುದಿನ ಮುನಿರತ್ನಮ್ಮನೇ ಕೆಳಗೆ ಬಂದರು. ಬಾಟಲಿಯನ್ನು ಸೆರಗಿನಲ್ಲಿ ಮುಚ್ಚಿ ತಂದಿದ್ದರು. ನೀರು ಕಪ್ಪಗಿತ್ತು. ಮಗುವಿಗೆ ಅದೇ ನೀರು ಕುಡಿಸುತ್ತಿದ್ದೆನೆಂದು ಹೇಳಿ ಅಳುತ್ತಾ ನಿಂತರು. ಅಂದೇ ವೆಂಕಟಸ್ವಾಮಿ ಆಳುಗಳನ್ನು ಕರೆಸಿ ಅಂಗಳ ಅಗೆಸಿದರು. ಸಂಪಿನ ಗೋಡೆಯ ಮಗ್ಗುಲಲ್ಲೇ ಕಕ್ಕಸಿನ ಪೈಪು ಒಡೆದು ಹೊಲಸು ಜಿನುಗುತ್ತಿತ್ತು. ಪೈಪು ಬದಲಾಯಿಸಿ, ಸಂಪು ಬರಿದು ಮಾಡಿಸಿ, ಬ್ಲೀಚಿಂಗ್ ಪೌಡರ್ ಹಾಕಿ ತೊಳೆಸಿದರು. ತಾವು ಆಡಿದ್ದು ತಪ್ಪಾಯಿತು ಎಂದು ಬಾಯಿಬಿಟ್ಟು ಹೇಳಲಿಲ್ಲ. ಮನೆ ಬಿಡುವ ಮಾತನ್ನು ಮತ್ತೆ ಎತ್ತಲೂ ಇಲ್ಲ.

ಪುಣ್ಯಕ್ಕೆ ಮಗುವಿಗೆ ಏನೂ ಆಗಲಿಲ್ಲ. ಹುಡುಗರೆಲ್ಲ ಗುಣವಾದರು. ಕೆಲವರು ಖಾನಾವಳಿಗೆ ಮರಳಿದರು, ಕೆಲವರು ಆ ಕಡೆ ತಲೆ ಹಾಕಲಿಲ್ಲ. ಊರಲ್ಲಿ ಸುಧಾರಿಸಿಕೊಂಡು ಬಂದ ಬಸವಂತನ ಮುಂದೆ ದುಂಡವ್ವ ತಟ್ಟೆ ಇಡದೆ ನಿಂತಳು. ನಿನ್ನ ಕಾಮಣಿ ನನ್ನ ಖಾನಾವಳಿಯದೇ, ನೀನಾಗಿ ಬೇಕೆಂದರೆ ಮಾತ್ರ ಬಡಿಸುತ್ತೇನೆ ಎಂದಳು. ಅವನು ಅವಳ ಕೈಯಿಂದ ತಟ್ಟೆ ತೆಗೆದುಕೊಂಡು ಮುಂದಿಟ್ಟುಕೊಂಡ.

"ಹಸಿವಾಗೈತಿ ಬೇ ಯವ್ವಾ," ಎಂದ. "ಬಡಸು."

ಅವಳಿಗೆ ಅಷ್ಟಕ್ಕೇ ಸಮಾಧಾನವಾಗಲಿಲ್ಲ. ಪ್ರತಿ ಮಳೆಗಾಲಕ್ಕೂ ಅಂಜನಾ ಅವರಲ್ಲಿಗೆ ಹೋಗಿ ಬಾಟಲಿ ತಂದು, ಮಧ್ಯಾಹ್ನದ ಊಟ ಮುಗಿಯುತ್ತಲೇ ಓಣಿ ಓಣಿ ಸುತ್ತಿದಳು. ಕಾಮಣಿ ಹಚ್ಚಿದವಳೇ ನೀರು ನೋಡಲು ಬಂದಳಲ್ಲ ಎಂದು ಒಬ್ಬಾಕೆ ಮುಖಕ್ಕೆ ಬಾಗಿಲು ಹಾಕಿದಳು. ಎರಡು ವರ್ಷ ಕಳೆದ ಮೇಲೆ ಜರಗನಹಳ್ಳಿಯ ಒಂದು ವಠಾರದಲ್ಲಿ ನಲ್ಲಿ ನೀರು ಕಪ್ಪು ತಿರುಗಿತು. ಅಲ್ಲಿ ಇನ್ನೂ ಯಾರೂ ಮಲಗಿರಲಿಲ್ಲ. ಹೆಂಗಸರು ತುಂಬಿದ ಕೊಡಗಳನ್ನು ಚರಂಡಿಗೆ ಸುರಿದು ಮನೆ ಮಾಲೀಕನನ್ನು ಹುಡುಕಿಕೊಂಡು ಹೊರಟರು. ದುಂಡವ್ವ ಎಲ್ಲರಿಗಿಂತ ಮುಂದೆ ನಡೆದಳು.