ಮಾಸೂಮಾ ಅಕ್ಕೋರು ಹೇಳದ ಉದಾಹರಣೆ

ಸವಣೂರಿನ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುವ ಮಾಸೂಮಾ ಅಕ್ಕೋರದು ಒಂದೇ ಹಟ. ಹೊಸ ಕ್ರಿಯಾಪದ ಬಂತೆಂದರೆ ಗೈಡಿನ ವಾಕ್ಯ ನಡೆಯದು, ತಮ್ಮ ಮನೆಯಲ್ಲಿ ನಿಜವಾಗಿ ನಡೆದದ್ದನ್ನೇ ಮಕ್ಕಳು ಹೇಳಬೇಕು. ಅಡುಗೆಮನೆಯ ಜಗಳಗಳೆಲ್ಲ ಹೀಗೆ ಇಂಗ್ಲಿಷಿನಲ್ಲಿ ಹೊರಬಿದ್ದು, ಎಷ್ಟೋ ತಾಯಂದಿರು ಅವರನ್ನು ಬೈದುಕೊಂಡಿದ್ದಾರೆ.

ಅವತ್ತಿನ ಪದ 'ಸ್ನೀಕ್ ಇನ್'.

"ಬಾಗಲಾ ಬಡದು ಹೋದ್ರ ಎಂಟರ್. ಕೀಲಿ ಮುರದು ಹೋದ್ರ ಬ್ರೇಕ್ ಇನ್. ಯಾರರ ನೋಡ್ಯಾರು ಅಂತ ಹೆದರ್ಕೊಂತ, ಸಪ್ಪಳಾ ಮಾಡದ ನುಸುಳಿದ್ರ ಸ್ನೀಕ್ ಇನ್," ಎಂದರು.

ಮಕ್ಕಳ ವಾಕ್ಯಗಳಲ್ಲಿ ಹಾಲು ಕುಡಿಯಲು ಬೆಕ್ಕು ನುಸುಳಿತು, ತಡವಾಗಿ ಬಂದ ಅಣ್ಣ ಹಿತ್ತಲ ಬಾಗಿಲಿಂದ ನುಸುಳಿದ. ಎಲ್ಲರೂ ನಕ್ಕರು. ಆಮೇಲೆ ಕೌಸರ ಎದ್ದಳು. ಅವಳ ತಂದೆ ತೀರಿಕೊಂಡು ಇನ್ನೂ ತಿಂಗಳಾಗಿರಲಿಲ್ಲ.

"ನಡದದ್ದಲ್ಲರಿ ಅಕ್ಕೋರ, ನಡೀಬೇಕಾದದ್ದು. ಐ ವಾಂಟ್ ಟು ಸ್ನೀಕ್ ಇನ್‌ಟು ದಿ ಕಬರಸ್ತಾನ."

ಯಾರೂ ನಗಲಿಲ್ಲ. ಕೌಸರ, ಮಾಸೂಮಾ ಇಬ್ಬರ ಮನೆತನಗಳಲ್ಲೂ ಶವದ ಜನಾಜಾ ಹೊತ್ತು ಗಂಡಸರು ಕಬರಸ್ತಾನಕ್ಕೆ ಹೋಗುತ್ತಾರೆ, ಹೆಂಗಸರು ಹೊಸ್ತಿಲಲ್ಲೇ ಉಳಿಯುತ್ತಾರೆ.

ಮಾಸೂಮಾ ಬೋರ್ಡಿನತ್ತ ತಿರುಗಿ ನಿಂತರು. ಈ ಪದ ಕಲಿಸುವಾಗೆಲ್ಲ ಅವರು ನುಂಗಿಕೊಂಡ ಉದಾಹರಣೆಯೂ ಅದೇ. ಎಲೆತೋಟ ಮಾಡುತ್ತಿದ್ದ ಅಪ್ಪ ಅಲ್ಲಾಭಕ್ಷ ಮಣ್ಣಾದ ಮರುದಿನ, ಒಬ್ಬಳೇ ಮಗಳಾದ ಅವರು ಕಬರಸ್ತಾನದ ಕುಸಿದ ಗೋಡೆ ದಾಟಿ ಹೋಗಿ, ಗಂಡಸರು ಹಾಕಿದ್ದ ಹಾಗೆ ಮೂರು ಹಿಡಿ ಮಣ್ಣು ಹಾಕಿ ಬಂದಿದ್ದರು. ಯಾರಾದರೂ ಕಂಡಿದ್ದರೆ ಎಂಬ ಅಳುಕು ಇಂದಿಗೂ ಹೋಗಿಲ್ಲ. ಈ ಹುಡುಗಿ ಹಾಗೆ ಹೋಗಿ ಸಿಕ್ಕಿಬಿದ್ದರೆ ಊರ ಬಾಯಿ ಮುಚ್ಚುವವರು ಯಾರು? ಬೇಡವೆಂದು ಹೇಳಲು ತಮಗಾದರೂ ಯಾವ ಬಾಯಿದೆ?

ಶಾಲೆ ಬಿಟ್ಟ ಮೇಲೆ ಕೌಸರಳ ತಾಯಿಯನ್ನು ಒಪ್ಪಿಸಿ, ಹುಡುಗಿಯ ಕೈ ಹಿಡಿದುಕೊಂಡು ನೇರ ಕಬರಸ್ತಾನದ ಗೇಟಿಗೇ ನಡೆದರು. ಅಲ್ಲಿ ಕಾವಲಿಗಿರುವ ಮುದುಕ ಹಯಾತ ಚಾಚಾ ಎದ್ದು ನಿಂತ. ಮಾಸೂಮಾ ಹುಡುಗಿಯನ್ನು ಮುಂದೆ ನಿಲ್ಲಿಸಿದರು.

"ಚಾಚಾ, ಈಕಿ ತಮ್ಮ ಅಪ್ಪನ ಕಬರ ನೋಡಬೇಕಂತಾಳ. ಇಲ್ಲನಬ್ಯಾಡ್ರಿ."

ಮುದುಕ ಹುಡುಗಿಯ ಮುಖ ನೋಡಿದ. ಗೇಟು ತೆಗೆದ.

"ಹೋಗ್ರಿ. ಮಾಸೂಮಾ ಬೇಟಿ, ಅವತ್ತು ನೀ ಗ್ವಾಡಿ ದಾಟಿ ಬಂದಾಗನೂ ನಾ ಇಲ್ಲೇ ಇದ್ದೆ. ನೋಡಿದ್ದೆ. ನೀ ಅಳೂದು ಮುಗಿಯೂತನಕ ಯಾರನ್ನೂ ಒಳಗ ಬಿಡಲಿಲ್ಲ."

ಮಾಸೂಮಾ ಕಂಬ ಹಿಡಿದುಕೊಂಡು ಬಿಕ್ಕಿ ಬಿಕ್ಕಿ ಅತ್ತರು. ಅವರ ಕೈ ಹಿಡಿದು ಒಳಗೆ ಕರೆದುಕೊಂಡು ಹೋದವಳು ಕೌಸರ.