ಬಾಟಲಿ ಕಿತ್ತುಕೊಂಡವಳು ಬರೆದ ವರದಿ

ಕೊರೋನಾ ನಿರ್ಬಂಧಗಳು ತೆರವಾಗಿ ಎರಡು ವರ್ಷ ಕಳೆದಿತ್ತು. ನಾನು ಬಸವನಗುಡಿಯ ಒಂದು ಸಣ್ಣ ಪ್ರವಾಸ ಸಂಸ್ಥೆಯಲ್ಲಿ ಟೂರ್ ಮ್ಯಾನೇಜರ್ ಆಗಿದ್ದೆ. ಈಗಲೂ ಅಲ್ಲೇ ಇದ್ದೇನೆ. ಟೂರ್ ಮ್ಯಾನೇಜರ್ ಎಂದರೆ ಪ್ರವಾಸಿಗರ ಜೊತೆಗೇ ಹೋಗಿ, ಟಿಕೆಟ್ಟು, ಹೋಟೆಲು, ಊಟ, ಕಳೆದುಹೋದ ಚಪ್ಪಲಿ ಎಲ್ಲವನ್ನೂ ನೋಡಿಕೊಂಡು, ಎಷ್ಟು ಜನರನ್ನು ಕರೆದುಕೊಂಡು ಹೋದೆವೋ ಅಷ್ಟೂ ಜನರನ್ನು ವಾಪಸ್ ಕರೆತರುವವಳು. ಹದಿನಾರು ವರ್ಷಗಳಲ್ಲಿ ಒಂದೇ ಒಂದು ಸಲ ಒಬ್ಬರು ಕಡಿಮೆಯಾಗುವುದರಲ್ಲಿದ್ದರು. ಅದಕ್ಕೆ ಕಾರಣ ನಾನೇ. ಇದನ್ನು ಬರೆಯಬೇಡ ಎಂದು ಹೇಳಿದವರು ಬೇಕಾದಷ್ಟು ಜನ ಇದ್ದಾರೆ. ಅವರ ಮಾತನ್ನು ಕೇಳುವ ಮನಸ್ಸಿಲ್ಲ.

ಅದು ಶ್ರೀಲಂಕಾಕ್ಕೆ ಆರು ದಿನದ ಪ್ರವಾಸ, ಇಪ್ಪತ್ತೆರಡು ಜನ. ಹೆಚ್ಚಿನವರು ಚಾಮರಾಜಪೇಟೆ ಮತ್ತು ಎನ್.ಆರ್. ಕಾಲೋನಿಯವರು. ಅದರಲ್ಲಿ ಕೆಲವು ಬೌದ್ಧ ಕುಟುಂಬಗಳಿದ್ದವು. ಅನುರಾಧಪುರದ ಬೋಧಿವೃಕ್ಷವನ್ನು ನೋಡಬೇಕೆಂಬುದು ಅವರ ಬಹುದಿನಗಳ ಆಸೆ. ಚಾಮರಾಜಪೇಟೆಯ ರಾಮಾಂಜಿನಪ್ಪ ಮತ್ತು ಅವರ ಹೆಂಡತಿ ಜಯಮ್ಮ ಅವರದು ಆ ಕುಟುಂಬಗಳಲ್ಲಿ ಒಂದು. ರಾಮಾಂಜಿನಪ್ಪನವರಿಗೆ ಅರವತ್ತೆಂಟು. ಬಡಾವಣೆಗಳಿಗೆ ನೀರು ಬಿಡುವ ವಾಲ್ವ್ ತಿರುಗಿಸುವ ಕೆಲಸದಲ್ಲಿ ಮೂವತ್ತು ವರ್ಷ ಇದ್ದು ನಿವೃತ್ತರಾಗಿದ್ದವರು. ಹೋಟೆಲಿನಲ್ಲಿ ನಲ್ಲಿ ತೊಟ್ಟಿಕ್ಕುತ್ತಿದ್ದರೆ ಎದ್ದುಹೋಗಿ ತಾವೇ ತಿರುಪಿ ಬರುತ್ತಿದ್ದರು.

ಅವರಿಗೆ ಸಕ್ಕರೆ ಕಾಯಿಲೆ ಇರುವುದು ನನಗೆ ಗೊತ್ತಿತ್ತು. ಹೊರಡುವ ಮೊದಲು ಎಲ್ಲರಿಂದಲೂ ಆರೋಗ್ಯದ ಫಾರಂ ತುಂಬಿಸಿಕೊಳ್ಳುತ್ತೇವೆ. ಅವರ ಇನ್ಸುಲಿನ್‌ಗೆ ಡಾಕ್ಟರ ಪತ್ರ ನನ್ನ ಫೈಲಿನಲ್ಲಿತ್ತು. ಪೆನ್ನಿನಂತಿರುವ ಆ ಇಂಜೆಕ್ಷನ್ ಯಾವಾಗಲೂ ಅವರ ಅಂಗಿಯ ಜೇಬಿನಲ್ಲೇ ಇರುತ್ತಿತ್ತು. ಊಟಕ್ಕೆ ಹತ್ತು ನಿಮಿಷ ಮುಂಚೆ, ತುದಿ ತಿರುಗಿಸಿ ಅಳತೆ ಇಟ್ಟು, ಹೊಟ್ಟೆಗೆ ಚುಚ್ಚಿಕೊಳ್ಳಬೇಕು, ಎಂಟು ಯೂನಿಟ್. ಆದರೆ ಎರಡನೆಯ ದಿನವೇ ಅವರ ಸ್ವಂತ ಪದ್ಧತಿಯೊಂದನ್ನು ನೋಡಿದ್ದೆ. ಊಟದ ಹಾಲ್‌ನಲ್ಲಿ ಕೂತು ಕೇಳಿದ್ದರು: "ಶೋಭಾ ಮೇಡಂ, ಇವತ್ತು ಸ್ವೀಟ್ ಏನು?"

"ಕ್ಯಾರಮೆಲ್ ಪುಡ್ಡಿಂಗ್ ಸಾರ್. ನಿಮಗಿಲ್ಲ."

"ಇದೆ ಇದೆ. ಇನ್ನು ನಾಲ್ಕು ಜಾಸ್ತಿ ತಿರುಗಿಸಿದ್ರೆ ಆಯ್ತು." ಪೆನ್ನಿನ ತುದಿಯನ್ನು ಟಿಕ್ ಟಿಕ್ ಎಂದು ತಿರುಗಿಸಿ ಕಣ್ಣು ಹೊಡೆದರು. ಎಲ್ಲರೂ ನಕ್ಕರು. ಜಯಮ್ಮ ಮಾತ್ರ, "ಒಬ್ಬಟ್ಟಿನ ದಿನ ಮನೇಲೂ ಇದೇ ನಾಟಕ. ಮೊದಲು ಸೂಜಿ, ಆಮೇಲೆ ಒಬ್ಬಟ್ಟು," ಎಂದರು. ನಮ್ಮ ಕಡೆ ಸಕ್ಕರೆ ಕಾಯಿಲೆಯವರಿರುವ ಮನೆಗಳಲ್ಲಿ ಇದು ಹೊಸದೇನಲ್ಲ. ನಾನೂ ನಕ್ಕು ಸುಮ್ಮನಾದೆ.

ನಾಲ್ಕನೆಯ ದಿನ ಕ್ಯಾಂಡಿಯ ಹತ್ತಿರ ಒಂದು ಹಳ್ಳಿಯಲ್ಲಿ ತಾಳೆಯಂಥ ಬೈನೆ ಮರದಿಂದ ರಸ ಇಳಿಸುವುದನ್ನು ನೋಡಲು ನಿಂತೆವು. ಆ ರಸ ಕಾಯಿಸಿದರೆ ನಮ್ಮ ಜೋನಿ ಬೆಲ್ಲದಂಥ ಕಪ್ಪು ಪಾಕವಾಗುತ್ತದೆ. ಮರ ಹತ್ತಿದವನಿಗೆ ರಾಮಾಂಜಿನಪ್ಪನವರಿಗಿಂತ ಹೆಚ್ಚು ವಯಸ್ಸು. ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದು. ಆದರೂ ಇಬ್ಬರೂ ಅರ್ಧ ಗಂಟೆ ಕೈಸನ್ನೆಯಲ್ಲೇ ಮಾತಾಡಿಕೊಂಡರು. ಹೊರಡುವಾಗ ಆತ ಆ ಪಾಕ ತುಂಬಿದ ಒಂದು ಗಾಜಿನ ಬಾಟಲಿ ತಂದು ಇವರ ಕೈಗಿಟ್ಟ. ಇವರು ದುಡ್ಡು ತೆಗೆದರೆ ಆತ ಎರಡು ಹೆಜ್ಜೆ ಹಿಂದೆ ಸರಿದ. ಸುಮಾರು ಮುನ್ನೂರೈವತ್ತು ಮಿಲಿಲೀಟರ್ ಹಿಡಿಯುವ ಬಾಟಲಿ ಅದು.

ಈಗ ನಿಯಮದ ವಿಷಯ. ಅಂತರರಾಷ್ಟ್ರೀಯ ವಿಮಾನದಲ್ಲಿ ಕೈಚೀಲದೊಳಗೆ ದ್ರವ ಇದ್ದರೆ ಪ್ರತಿ ಬಾಟಲಿ ನೂರು ಮಿಲಿಲೀಟರ್ ಮೀರಬಾರದು. ಮೀರಿದ್ದನ್ನು ದೊಡ್ಡ ಸೂಟ್‌ಕೇಸಿಗೆ ಹಾಕಿ ಮೊದಲೇ ವಿಮಾನದ ಹೊಟ್ಟೆಗೆ ಕಳಿಸಬೇಕು. ದ್ರವ ಎಂದರೆ ನೀರು, ಎಣ್ಣೆ ಮಾತ್ರವಲ್ಲ. ಜೇನುತುಪ್ಪ, ತುಪ್ಪ, ಉಪ್ಪಿನಕಾಯಿ, ಟೂತ್‌ಪೇಸ್ಟ್ ಎಲ್ಲವೂ ಆ ಪಟ್ಟಿಗೆ ಬರುತ್ತವೆ. ಡಾಕ್ಟರ ಪತ್ರವಿರುವ ಔಷಧಿಗೆ ವಿನಾಯಿತಿ ಇದೆ. ಕೊನೆಯ ಸಂಜೆ ಹೋಟೆಲಿನಲ್ಲಿ ಎಲ್ಲರನ್ನೂ ಕೂರಿಸಿ ಇದನ್ನೆಲ್ಲ ಹೇಳಿದೆ. "ಯಾರ ಹತ್ರ ಎಣ್ಣೆ, ಜೇನುತುಪ್ಪ ಇದೆ?" ಎಂದು ಕೇಳಿದೆ. ಏಳೆಂಟು ಕೈ ಮೇಲೆದ್ದವು. ರಾಮಾಂಜಿನಪ್ಪ ಕೈ ಎತ್ತಲಿಲ್ಲ. ಅವರ ಪ್ರಕಾರ ಅವರ ಹತ್ತಿರ ಇದ್ದದ್ದು ಬೆಲ್ಲ. ಸೂಟ್‌ಕೇಸಿಗೆ ಹಾಕಿದರೆ ಎತ್ತಿ ಎಸೆಯುವಾಗ ಗಾಜು ಒಡೆದೀತೆಂದು ಅದನ್ನು ಟವೆಲಿನಲ್ಲಿ ಸುತ್ತಿ ಕೈಚೀಲದಲ್ಲಿ ಇಟ್ಟುಕೊಂಡಿದ್ದರು.

ಕೊಲಂಬೊದಲ್ಲಿ ಗೇಟಿನ ಪಕ್ಕದ ಕೊನೆಯ ತಪಾಸಣೆಯಲ್ಲಿ ಅದು ಸಿಕ್ಕಿತು. ಅಲ್ಲಿಂದ ಹಿಂದಕ್ಕೆ ಹೋಗಿ ಸೂಟ್‌ಕೇಸಿಗೆ ಸೇರಿಸುವ ದಾರಿ ಇರಲಿಲ್ಲ, ಸಮಯವೂ ಇರಲಿಲ್ಲ. ಭದ್ರತಾ ಸಿಬ್ಬಂದಿ ಒರಟಾಗಿ ಏನೂ ನಡೆದುಕೊಳ್ಳಲಿಲ್ಲ. ಬಾಟಲಿಯನ್ನು ಮೇಜಿನ ಮೇಲಿಟ್ಟು, ಇಲ್ಲೇ ಮುಗಿಸಿ ಅಥವಾ ಕಸದ ಡಬ್ಬಿಗೆ ಹಾಕಿ ಎಂದು ಇಂಗ್ಲಿಷಿನಲ್ಲಿ ಹೇಳಿದ. ನಾನು ಕನ್ನಡದಲ್ಲಿ ಹೇಳಿದೆ.

"ಬೆಲ್ಲ ಕಣಮ್ಮ ಇದು. ಬೆಲ್ಲಕ್ಕೂ ಸೆಕ್ಯೂರಿಟೀನಾ?"

"ಸುರಿದ್ರೆ ಹರಿಯತ್ತಲ್ಲ ಸಾರ್, ಅವರಿಗೆ ಅಷ್ಟು ಸಾಕು."

"ಆ ವಯಸ್ಸಲ್ಲಿ ಮರ ಹತ್ತಿ ಇಳಿಸಿದಾನೆ. ಕಸದ ಡಬ್ಬಿಗೆ ಹಾಕು ಅಂತೀಯಾ? ಹಾಕಲ್ಲ. ಇಲ್ಲೇ ಕುಡಿದು ಮುಗಿಸ್ತೀನಿ."

ಹಿಂದಿನಿಂದ ಯಾರೋ, "ಕುಡೀರಿ ಗುರುಗಳೇ, ನಾವ್ ಚಪ್ಪಾಳೆ ಹೊಡೀತೀವಿ!" ಎಂದರು. ಅಷ್ಟರಲ್ಲಿ ನಮ್ಮವರೊಬ್ಬರ ಪಾಸ್‌ಪೋರ್ಟ್ ತಪಾಸಣೆಯ ಟ್ರೇಯಲ್ಲೇ ಉಳಿದಿದೆ ಎಂಬ ಕೂಗು ಬಂತು. ರಾಮಾಂಜಿನಪ್ಪನವರದು ಬರೀ ಬಾಯಿಮಾತು ಎಂದುಕೊಂಡು ಅತ್ತ ಓಡಿದೆ. ನಾಲ್ಕೈದು ನಿಮಿಷವಾಗಿರಬೇಕು; ಜಯಮ್ಮ ಇನ್ನೂ ಹೆಂಗಸರ ತಪಾಸಣೆಯ ಸಾಲಿನಲ್ಲೇ ಇದ್ದರು. ವಾಪಸ್ ಬರುವಾಗ ಅವರು ಶೂ ಹಾಕಿಕೊಳ್ಳುವ ಬೆಂಚಿನ ಮೇಲೆ ಕೂತು ಬಾಟಲಿಯನ್ನು ತುಟಿಗೆ ಎತ್ತುತ್ತಿದ್ದರು. ಒಂದು ಗುಟುಕು ಒಳಗೆ ಹೋಯಿತೋ ಇಲ್ಲವೋ, ನಾನು ಹೋದವಳೇ ಬಾಟಲಿ ಕಿತ್ತುಕೊಂಡು ಡಬ್ಬಿಗೆ ಹಾಕಿದೆ. ಗಾಜು ತಳಕ್ಕೆ ಬಡಿದ ಸದ್ದು ಇವತ್ತಿಗೂ ಕಿವಿಯಲ್ಲಿದೆ.

ಅವರು ಎದ್ದು ನಿಂತರು. ಮುಖ ಕೆಂಪಾಗಿತ್ತು. "ನೀನ್ಯಾರಮ್ಮ ನನ್ ಕೈಯಿಂದ ಕಿತ್ಕೊಳ್ಳೋಕೆ? ಕೇಳಿಲ್ಲಿ, ನಾನು ಆಗ್ಲೇ..."

"ಸಾರ್, ಒಂದು ಮಾತೂ ಬೇಡ. ನಡೀರಿ. ಗೇಟ್ ಮುಚ್ತಾರೆ."

ಅವರು ಬಾಯಿ ಮುಚ್ಚಿಕೊಂಡರು. ಇಪ್ಪತ್ತು ಜನರೆದುರು ಮಗಳ ವಯಸ್ಸಿನವಳ ಕೈಯಲ್ಲಿ ಅನ್ನಿಸಿಕೊಂಡವರು ಇನ್ನೇನು ಮಾಡುತ್ತಾರೆ? ವಿಮಾನ ಹತ್ತುವಾಗ ನಾನು ನನ್ನ ಚುರುಕುತನಕ್ಕೆ ಒಳಗೊಳಗೇ ಬೀಗುತ್ತಿದ್ದೆ.

ಗಂಡ ಹೆಂಡತಿಗೆ ಬೇರೆ ಬೇರೆ ಕಡೆ ಸೀಟು ಸಿಕ್ಕಿತ್ತು. ಜಯಮ್ಮ ತುಂಬ ಹಿಂದೆ. ರಾಮಾಂಜಿನಪ್ಪ ನನ್ನ ಮುಂದಿನ ಸಾಲಿನಲ್ಲಿ. ಬೆಂಗಳೂರಿಗೆ ಒಂದು ಗಂಟೆ ಇಪ್ಪತ್ತು ನಿಮಿಷದ ದಾರಿ. ವಿಮಾನ ಮೇಲೇರಿ ಅರ್ಧ ಗಂಟೆಯಾಗಿರಲಿಲ್ಲ, ಅವರ ಪಕ್ಕದಲ್ಲಿದ್ದವರು ಗಗನಸಖಿಯನ್ನು ಕರೆದು, ಈ ಮನುಷ್ಯ ಕುಡಿದಿದ್ದಾರೆ, ತಮ್ಮ ಸೀಟು ಬದಲಾಯಿಸಿ ಎಂದರು. ನಾನು ಎದ್ದು ನೋಡಿದೆ. ಅಂಗಿಯೆಲ್ಲ ತೊಯ್ದು ಬೆನ್ನಿಗೆ ಅಂಟಿತ್ತು. ಕೈ ನಡುಗುತ್ತಿತ್ತು. ಕಣ್ಣು ತೆರೆದಿದ್ದರೂ ನಾನು ಯಾರೆಂದು ಅವರಿಗೆ ಗೊತ್ತಾಗಲಿಲ್ಲ. "ಮೇನ್ ವಾಲ್ವ್ ಮುಚ್ರೋ," ಎನ್ನುತ್ತಿದ್ದರು. "ರೋಡೆಲ್ಲ ನೀರು ಹೋಗ್ತೈತೆ, ಮುಚ್ರೋ."

ಜಯಮ್ಮ ಹಿಂದಿನಿಂದ ಸೀಟುಗಳನ್ನು ಹಿಡಿದುಕೊಳ್ಳುತ್ತಾ ಬಂದರು. ಗಂಡನ ಹಣೆ ಮುಟ್ಟಿ ಒಂದೇ ಮಾತು ಹೇಳಿದರು: "ಸಕ್ಕರೆ ಕೊಡ್ರಿ."

ನಾನು ಅಡ್ಡ ನಿಂತೆ. "ಬೇಡ ಆಂಟಿ. ನಾನು ಬರೋಕೆ ಮುಂಚೆನೇ ಜೋನಿ ಬೆಲ್ಲ ಕುಡಿದಿದಾರೆ, ಶುಗರ್ ಏರಿದೆ. ಇನ್ನೂ ಸಕ್ಕರೆ ಕೊಟ್ರೆ ಪ್ರಾಣಕ್ಕೇ ಅಪಾಯ."

"ಏರಿದ್ರೆ ಹಿಂಗ್ ಬೆವರಲ್ಲ ಕಣಮ್ಮ. ಇಪ್ಪತ್ತು ವರ್ಷದಿಂದ ನೋಡ್ತಾ ಇದೀನಿ."

ರಕ್ತ ಪರೀಕ್ಷಿಸುವ ಯಂತ್ರ ಸೂಟ್‌ಕೇಸಿನೊಳಗೆ, ವಿಮಾನದ ಹೊಟ್ಟೆಯಲ್ಲಿತ್ತು. ಡಾಕ್ಟರು ಯಾರಾದರೂ ಇದ್ದಾರೆಯೇ ಎಂದು ಕೇಳಿ ಅನೌನ್ಸ್ ಮಾಡಿದರು, ಯಾರೂ ಏಳಲಿಲ್ಲ. ನನ್ನ ಕೈಯಲ್ಲಿ ಫೈಲಿತ್ತು, ಕೊರಳಲ್ಲಿ ಗುರುತಿನ ಚೀಟಿ ಇತ್ತು, ಇಂಗ್ಲಿಷ್ ಬರುತ್ತಿತ್ತು. ಗಗನಸಖಿ ನನ್ನ ಮಾತನ್ನು ನಂಬಿದಳು. ಜಯಮ್ಮ ಮತ್ತೆ ಮತ್ತೆ ಕೇಳಿದರು, ನಾನು ಮತ್ತೆ ಮತ್ತೆ ತಡೆದೆ. ಆಮೇಲೆ ಗಗನಸಖಿ ಬರೆದುಕೊಂಡಿದ್ದ ಸಮಯ ನೋಡಿದೆ. ಎಂಟು ನಿಮಿಷ. ಅಷ್ಟರಲ್ಲಿ ರಾಮಾಂಜಿನಪ್ಪನವರ ಮಾತು ನಿಂತಿತ್ತು, ತಲೆ ಒಂದು ಪಕ್ಕಕ್ಕೆ ವಾಲಿತ್ತು.

ಗಾಳಿಯಾಡಲೆಂದು ಜಯಮ್ಮ ಅಂಗಿಯ ಗುಂಡಿ ಬಿಚ್ಚಿದರು. ಬಿಳಿ ಬನಿಯನ್ನಿನ ಮೇಲೆ, ಹೊಕ್ಕುಳಿನ ಪಕ್ಕದಲ್ಲಿ, ಸಾಸಿವೆ ಕಾಳಿನಷ್ಟು ರಕ್ತದ ಚುಕ್ಕೆ.

"ಸೂಜಿ ಹಾಕ್ಕೊಂಡಿದಾರೆ," ಎಂದರು ಜಯಮ್ಮ. "ಬೆಲ್ಲ ಕುಡಿಯೋಕೆ ಮುಂಚೆ ಸೂಜಿ ಹಾಕ್ಕೊಂಡಿದಾರೆ. ಬಾಟ್ಲು ನೀನ್ ಕಿತ್ಕೊಂಡೆ."

ಆಗ ಎಲ್ಲವೂ ಅರ್ಥವಾಯಿತು. ನಾನು ಪಾಸ್‌ಪೋರ್ಟಿನ ಹಿಂದೆ ಓಡಿದ್ದಾಗ ಅವರು ಆ ಬೆಂಚಿನ ಮೇಲೆ ಕೂತು, ಇಡೀ ಬಾಟಲಿಗೆ ಸಾಕಾಗುವಷ್ಟು ಇನ್ಸುಲಿನ್ ಚುಚ್ಚಿಕೊಂಡಿದ್ದರು. ಒಬ್ಬಟ್ಟಿನ ದಿನದ ಹಾಗೆ. ಇನ್ಸುಲಿನ್ ಒಳಗೆ ಹೋಯಿತು, ಬೆಲ್ಲ ಹೋಗಲಿಲ್ಲ. ಬೆಳಿಗ್ಗೆ ಏಳಕ್ಕೆ ತಿಂದ ತಿಂಡಿ ಯಾವಾಗಲೋ ಕರಗಿತ್ತು. ಅವರ ಸಕ್ಕರೆ ಏರಿರಲಿಲ್ಲ, ಪಾತಾಳಕ್ಕೆ ಇಳಿಯುತ್ತಿತ್ತು. ಇಳಿಯುತ್ತಿದ್ದವರಿಗೆ ಸಿಗಬೇಕಾಗಿದ್ದ ಸಕ್ಕರೆಯನ್ನು ನಾನು ಎಂಟು ನಿಮಿಷ ತಡೆದು ನಿಂತಿದ್ದೆ.

"ಸರಿ ಪಕ್ಕಕ್ಕೆ," ಎಂದರು ಜಯಮ್ಮ. "ನಿನ್ ಫೈಲ್ ನೀನೇ ಇಟ್ಕೋ."

ಕಾಫಿಗೆ ಕೊಡುವ ಸಣ್ಣ ಸಕ್ಕರೆ ಪೊಟ್ಟಣಗಳನ್ನು ಗಗನಸಖಿಯ ಕೈಯಿಂದ ಅವರೇ ಎಳೆದುಕೊಂಡರು. ಗಂಡನನ್ನು ಒಂದು ಮಗ್ಗುಲಿಗೆ ವಾಲಿಸಿ ಹಿಡಿಯುವಂತೆ ನನಗೆ ಹೇಳಿದರು. ಬೆರಳು ಒದ್ದೆ ಮಾಡಿಕೊಂಡು, ಸಕ್ಕರೆ ಮೆತ್ತಿಸಿ, ಕೆನ್ನೆಯ ಒಳಗೆ, ವಸಡಿಗೆ ಉಜ್ಜತೊಡಗಿದರು. ರಾಮಾಂಜಿನಪ್ಪನವರ ಹಲ್ಲು ಆ ಬೆರಳನ್ನು ಕಚ್ಚಿತು. ಬೆರಳಲ್ಲಿ ರಕ್ತ ಬಂತು. ಜಯಮ್ಮ ಕೈ ತೆಗೆಯಲಿಲ್ಲ. ಒಂದು ಪೊಟ್ಟಣ, ಎರಡು, ಐದು. ಏಳನೆಯದಕ್ಕೋ ಎಂಟನೆಯದಕ್ಕೋ ಗಂಟಲು ಅಲುಗಿತು. ಆಮೇಲೆ ನುಂಗಿದರು. ಆಮೇಲೆ ಹಣ್ಣಿನ ರಸ. ವಿಮಾನ ಇಳಿಯುವ ಹೊತ್ತಿಗೆ ಕಣ್ಣು ಬಿಟ್ಟು, "ಯಾಕೆ ಎಲ್ಲಾ ನನ್ನೇ ನೋಡ್ತಾ ಇದೀರಾ?" ಎಂದರು. ನಾನು ಅತ್ತುಬಿಟ್ಟೆ.

ನಿಲ್ದಾಣದ ಡಾಕ್ಟರು ಪರೀಕ್ಷಿಸಿದಾಗ, ಅಷ್ಟು ಸಕ್ಕರೆ ಹೋದ ಮೇಲೂ ಅಂಕಿ ಐವತ್ತೆರಡು ಇತ್ತು. ಎಪ್ಪತ್ತಕ್ಕಿಂತ ಕೆಳಗಿಳಿದರೇ ಅಪಾಯ. ಎಷ್ಟು ಯೂನಿಟ್ ಹಾಕಿಕೊಂಡಿರಿ ಎಂದು ಕೇಳಿದರು. ಇಪ್ಪತ್ತು ಎಂದರು ರಾಮಾಂಜಿನಪ್ಪ. ಇನ್ನೂ ತಡವಾಗಿದ್ದರೆ ಇವರು ಏಳುತ್ತಿರಲಿಲ್ಲ ಎಂದು ಡಾಕ್ಟರು ನನಗೆ ಹೇಳಿದರು. ಎರಡು ದಿನ ಆಸ್ಪತ್ರೆಯಲ್ಲಿದ್ದು ಅವರು ಮನೆಗೆ ಹೋದರು.

ಮೂರನೆಯ ದಿನ ನಮ್ಮ ಮಾಲೀಕರು ವರದಿ ಕೇಳಿದರು. ಬರೆಯಬೇಕಾದ್ದನ್ನೂ ಅವರೇ ಹೇಳಿಕೊಟ್ಟರು. "ಪ್ರಯಾಣಿಕರು ನಿಯಮ ಮೀರಿ ದ್ರವ ತಂದ್ರು, ಡಾಕ್ಟರ್ ಹೇಳಿದ್ದಕ್ಕಿಂತ ಜಾಸ್ತಿ ಇನ್ಸುಲಿನ್ ತಗೊಂಡ್ರು. ಅಷ್ಟೇ. ಅದರಲ್ಲಿ ಸುಳ್ಳೇನಿದೆ?"

"ಸುಳ್ಳಿಲ್ಲ ಸಾರ್. ನಾನೇ ಇಲ್ಲ ಅದರಲ್ಲಿ."

"ನೀನು ಯಾಕಮ್ಮ ಇರ್ಬೇಕು? ಒಳ್ಳೇದಕ್ಕೆ ತಾನೇ ಮಾಡಿದ್ದು?"

ಒಳ್ಳೇದಕ್ಕೆ ಮಾಡಿದೆ ಎಂಬ ಮಾತು ಕೇಳಿ ಕೇಳಿ ನನಗೆ ಸಾಕಾಗಿತ್ತು. ಬಾಟಲಿ ಕಿತ್ತುಕೊಂಡಿದ್ದನ್ನು ಬರೆದೆ. ಎಂಟು ನಿಮಿಷ ಸಕ್ಕರೆ ತಡೆದಿದ್ದನ್ನು ಬರೆದೆ. ಜೀವ ಉಳಿಸಿದ್ದು ಜಯಮ್ಮ, ನಾನು ಅವರಿಗೆ ಅಡ್ಡಿಯಾಗಿದ್ದೆ ಎಂದು ಬರೆದು ಸಹಿ ಹಾಕಿದೆ. ಮಾಲೀಕರು ಓದಿ, "ನಿನ್ ತಲೆ ನೀನೇ ತಂದುಕೊಡ್ತಿದೀಯ," ಎಂದರು. ಮುಂದಿನ ಆರು ತಿಂಗಳು ನನಗೆ ವಿಮಾನವೇ ಇಲ್ಲ. ತಲಕಾಡು, ಸೋಮನಾಥಪುರದ ಒಂದು ದಿನದ ಬಸ್ಸು. ಹೋದೆ. ಆ ಕಾಗದದ ಒಂದು ಅಕ್ಷರವನ್ನೂ ಬದಲಿಸಲಿಲ್ಲ.

ವರದಿ ಕೊಟ್ಟ ವಾರದ ಭಾನುವಾರವೇ ಅದರ ಪ್ರತಿಯೊಂದನ್ನು ತೆಗೆದುಕೊಂಡು ಚಾಮರಾಜಪೇಟೆಯ ಅವರ ಮನೆಗೆ ಹೋದೆ. ನಿಜ ಹೇಳುವುದಾದರೆ, ಕೊಂಚ ಹೆಮ್ಮೆಯಿಂದಲೇ ಹೋದೆ. ರಾಮಾಂಜಿನಪ್ಪ ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. ಜಯಮ್ಮ ಬಾಗಿಲಲ್ಲಿ ನಿಂತಿದ್ದರು. ಅವರ ಬೆರಳಿಗೆ ಇನ್ನೂ ಪಟ್ಟಿ ಇತ್ತು.

"ಬಾಟ್ಲು ಕಿತ್ಕೊಂಡಿದ್ದು ತಪ್ಪು ಅಂತ ಬರ್ದಿದೀಯ," ಎಂದರು ರಾಮಾಂಜಿನಪ್ಪ. "ಅದು ತಪ್ಪಲ್ಲ. ನಿನ್ ಜಾಗದಲ್ಲಿ ನಾನಿದ್ರೂ ಕಿತ್ಕೋತಿದ್ದೆ. ಸಕ್ಕರೆ ಬೇಡ ಅಂದಿದ್ದು, ನಿಂಗೆ ಗೊತ್ತಿರ್ಲಿಲ್ಲ. ಸೂಜಿ ಹಾಕ್ಕೊಂಡಿದ್ದು ನಂಗೆ ಗೊತ್ತಿತ್ತಲ್ಲ? ಹೇಳೋಕೆ ಬಾಯಿ ತೆಗ್ದೆ. 'ಒಂದು ಮಾತೂ ಬೇಡ' ಅಂದೆ ನೀನು. ಅದೆಲ್ಲಮ್ಮ ಇದ್ರಲ್ಲಿ?"

ನಾನು ಕಾಗದವನ್ನು ತಿರುಗಿಸಿ ನೋಡಿದೆ. ಇರಲಿಲ್ಲ. ಮುಚ್ಚಿಟ್ಟಿರಲಿಲ್ಲ, ಅದು ತಪ್ಪು ಎಂದು ನನಗೆ ಹೊಳೆದೇ ಇರಲಿಲ್ಲ. ದಿನಕ್ಕೆ ಐವತ್ತು ಸಲ ಆಡುವ ಮಾತದು. ನಡೀರಿ, ಬೇಗ, ಆಮೇಲೆ ಹೇಳಿ.

"ನೀವೂ ಆಮೇಲೆ ಹೇಳ್ಬಹುದಿತ್ತಲ್ಲ," ಎಂದು ಜಯಮ್ಮ ಗಂಡನನ್ನು ಗದರಿದರು.

"ಹೇಳ್ಬಹುದಿತ್ತು. ಕೋಪ ಬಂದಿತ್ತು, ಹೇಳ್ಲಿಲ್ಲ. ಅದನ್ನೂ ಬರ್ಕೊಳಮ್ಮ."

ಅಲ್ಲೇ ಕೂತು ಎರಡೂ ಸಾಲು ಸೇರಿಸಿದೆ. ಮರುದಿನ ಆ ಕಾಗದವನ್ನು ಮಾಲೀಕರ ಮೇಜಿನ ಮೇಲಿಟ್ಟಾಗ, "ಇನ್ನೂ ಉಳಿದಿತ್ತಾ?" ಎಂದು ಅವರು ತಲೆ ಚಚ್ಚಿಕೊಂಡರು.

ಈಗ ಮತ್ತೆ ವಿಮಾನದ ಪ್ರವಾಸಗಳಿಗೆ ಹೋಗುತ್ತಿದ್ದೇನೆ. ನೂರು ಮಿಲಿಲೀಟರಿನ ನಿಯಮವನ್ನು ಮೊದಲಿಗಿಂತ ಗಟ್ಟಿಯಾಗಿ ಹೇಳುತ್ತೇನೆ, ಯಾರ ಬಾಟಲಿಗೂ ರಿಯಾಯಿತಿ ಇಲ್ಲ. ಆದರೆ ಡಬ್ಬಿಯ ಮುಂದೆ ಯಾರಾದರೂ ಬಾಯಿ ತೆರೆದರೆ ನಿಂತು ಕೇಳುತ್ತೇನೆ, ಅವರು ಮಾತು ಮುಗಿಸುವವರೆಗೆ. ಹೋದ ವರ್ಷ ಒಬ್ಬ ಅಜ್ಜಿಯ ಮಾತು ಕೇಳುತ್ತ ಹೀಗೇ ನಿಂತು, ಆಕೆ ಮತ್ತು ಆಕೆಯ ಗಂಡನೊಂದಿಗೆ ವಿಮಾನ ತಪ್ಪಿಸಿಕೊಂಡೆ. ಆಕೆ ಹೇಳುತ್ತಿದ್ದದ್ದು ಮೊಮ್ಮಗಳಿಗೆ ಕೊಂಡ ಸೆಂಟಿನ ಕಥೆ, ಬೇರೇನೂ ಅಲ್ಲ. ಮಾಲೀಕರು ಫೋನಿನಲ್ಲಿ ಕಿರುಚಿದರು. ಕಿರುಚಲಿ. ನಾನು ಆ ಕಥೆಯನ್ನು ಪೂರ್ತಿ ಕೇಳಿದ್ದೆ.