ಮಾಸ್ಕ್ ಇಳಿಸಿ ಆಡಿದ ಮಾತು

ಹರ್ನಿಯಾ ಆಪರೇಷನ್ ಮುಗಿದು, ವಾರ್ಡಿನಲ್ಲಿ ನಾವೆಲ್ಲ ಕಾಕಾ ಎನ್ನುತ್ತಿದ್ದ ಹಿರಿಯ ರೋಗಿ ಕಣ್ಣು ಬಿಟ್ಟಿದ್ದರು. ಆದರೆ ಡಾಕ್ಟರು ಕಿವಿಯ ಬಳಿ ಬಾಗಿ ಎಷ್ಟು ಕೂಗಿ ಹೆಸರು ಕೇಳಿದರೂ ಉತ್ತರವಿಲ್ಲ. ಸುಮ್ಮನೆ ಒಬ್ಬೊಬ್ಬರ ಮುಖ ನೋಡುತ್ತಿದ್ದರು. ಮಿದುಳಿಗೆ ಏನೋ ಆಗಿರಬೇಕೆಂದು ಕೊಲ್ಹಾಪುರಕ್ಕೆ ಕಳಿಸಲು ಆಂಬ್ಯುಲೆನ್ಸ್ ಕರೆಸಿದರು.

ಬಾಗಿಲ ಹೊರಗೆ ಕಾಕಾನ ಹೆಂಡತಿ ಅಳುತ್ತಿದ್ದರು. "ಕಿವಿ ಮಂದ ಅದಾವ್ರೀ, ಆದ್ರ ನನ್ನ ಕೂಡ ಚಂದ ಮಾತಾಡ್ತಾರ. ಜೀವಮಾನ ಪೂರ್ತಿ ಇಚಲಕರಂಜ್ಯಾಗ ಮಗ್ಗ ನಡಸ್ಯಾರ್ರೀ."

ಗುತ್ತಿಗೆ ನರ್ಸ್ ನಾನು. ಕೆಲವು ತಿಂಗಳಿಗೊಮ್ಮೆ ಊರು ಬದಲಾಗುತ್ತದೆ. ಗಡಹಿಂಗ್ಲಜದ ಈ ಆಸ್ಪತ್ರೆಗೆ ಬರುವ ಮುಂಚೆ ಇದ್ದದ್ದು ಇಚಲಕರಂಜಿಯಲ್ಲೇ. ಅಲ್ಲಿ ಪವರ್‌ಲೂಮ್ ಮಗ್ಗಗಳ ಸದ್ದಿನಲ್ಲಿ ದುಡಿಯುವವರು ಮಾತನ್ನು ಕಿವಿಯಿಂದ ಕೇಳುವುದಿಲ್ಲ, ಎದುರಿನವರ ತುಟಿ ನೋಡಿ ತಿಳಿಯುತ್ತಾರೆ. ಇಲ್ಲಿ ನಮ್ಮೆಲ್ಲರ ತುಟಿಯೂ ಮಾಸ್ಕಿನೊಳಗಿತ್ತು.

ಒಳಗೆ ಹೋಗಿ ಕಾಕಾನ ಎದುರಿಗೆ ನಿಂತೆ. ಮಾಸ್ಕ್ ಇಳಿಸಿ, ದನಿ ತೆಗೆಯದೆ ತುಟಿಯಲ್ಲೇ ಕೇಳಿದೆ: "ಹೆಸರೇನ್ರಿ ಕಾಕಾ?"

ಹೆಸರು, ಊರು, ಓಣಿ ಎಲ್ಲ ಹೇಳಿ ಅವರು ಡಾಕ್ಟರ ಕಡೆ ತಿರುಗಿದರು. "ಇಷ್ಟೊತ್ತು ಎಲ್ಲಾರೂ ಬಾಯಿ ಮುಚ್ಚಿಕೊಂಡು ನಿಂತೀರಿ. ನನಗ ಏನ್ ತಿಳೀಬೇಕ್ರಿ?"

ಮೊದಲು ನಕ್ಕವರು ಡಾಕ್ಟರೇ. ಆಂಬ್ಯುಲೆನ್ಸ್ ಖಾಲಿ ಹೋಯಿತು.

ಹೊಸ ವಾರ್ಡೆಂದರೆ ನನಗೀಗ ಅಳುಕಿಲ್ಲ. ಬಿಟ್ಟುಬಂದ ಊರು ಮುಂದಿನ ಊರಿಗೆ ನನ್ನ ಜೊತೆಗೇ ಬರುತ್ತದೆ. ಮನೆಗೆ ಹೊರಟ ದಿನ ಕಾಕಾ ವಾರ್ಡಿನ ಬಾಗಿಲಲ್ಲಿ ನಿಂತು ತುಟಿಯಷ್ಟೇ ಆಡಿಸಿದರು: "ಬರ್ತೇನಿ ತಂಗಿ." ವಾರ್ಡಿನ ಅಷ್ಟು ಗದ್ದಲದಲ್ಲೂ ನನಗದು ಸ್ಪಷ್ಟವಾಗಿ ಕೇಳಿಸಿತು.